ಕ್ಲಾಸಿನಲ್ಲಿ ಐದಾರು ಮನೆಮಾತಿನ ಪುಟ್ಟ ಮಕ್ಕಳಿದ್ದಾರೆ. ಅವರ ಜೊತೆ, ಅವರ ಮನೆಯವರ ಜೊತೆ ಮಾತು ಎಲ್ಲಿಂದ ಶುರು ಮಾಡಲಿ?

ನೀವು ಹಾಸನ ಕಡೆಯವರು. ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡ ಕೆಲಸದವರ ಮಕ್ಕಳಿಗೆಂದು ನಡೆಯುವ ಬಾಲವಾಡಿಗೆ ಹೊಸದಾಗಿ ಟೀಚರ್ ಆಗಿ ಸೇರಿದ್ದೀರಿ. ಎರಡೂವರೆಯಿಂದ ಐದು ವರ್ಷದ ಮಕ್ಕಳು. ಒಡಿಯಾ, ಬಂಗಾಳಿ, ತೆಲುಗು, ಲಂಬಾಣಿ, ರಾಯಚೂರು ಯಾದಗಿರಿ ಕಡೆಯ ಕನ್ನಡ, ಎಲ್ಲ ಇದೆ. ನಿಮಗೆ ಕನ್ನಡ ಬಿಟ್ಟರೆ ಸ್ವಲ್ಪ ಹಿಂದಿ ಬರುತ್ತದೆ. ಎಷ್ಟು ಭಾಷೆ ಅಂತ ಕಲಿಯೋದು, ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದೀರಿ. ನಾನು ಇಂಥದೇ ಕೇಂದ್ರದಲ್ಲಿ ಟೀಚರ್ ಆಗಿದ್ದೆ. ಈಗ ಹೊಸ ಟೀಚರ್‌ಗಳ ತರಬೇತಿಯಲ್ಲಿ ಕೆಲಸ ಮಾಡುತ್ತೇನೆ. ಆ ಅನುಭವದ ಮೇಲೆ ಹೇಳುತ್ತೇನೆ.

ಭಾಷೆಯಿಂದ ಶುರು ಮಾಡಬೇಡಿ. ಮಗುವಿನ ಅಮ್ಮನಿಂದ ಶುರು ಮಾಡಿ. ಅಮ್ಮ ಅಂದೆ, ಅದು ಅಜ್ಜಿಯೋ ಚಿಕ್ಕಮ್ಮನೋ ಅಪ್ಪನೋ ಇರಬಹುದು, ದಿನಾ ಮಗುವನ್ನು ಕರೆತರುವವರು. ಹೊಸ ಜಾಗ, ಹೊಸ ಮುಖ ಕಂಡರೆ ಪುಟ್ಟ ಮಕ್ಕಳು ಮೊದಲು ತಿರುಗಿ ನೋಡುವುದು ತಮ್ಮವರ ಮುಖವನ್ನು. ವರ್ಷ ತುಂಬುವ ಹೊತ್ತಿಗೇ ಈ ಅಭ್ಯಾಸ ಬಂದಿರುತ್ತದೆ. ಅಮ್ಮ ನಿರಾಳವಾಗಿ ನಿಂತಿದ್ದರೆ ಮಗುವಿಗೆ ಧೈರ್ಯ. ಅಮ್ಮ ಬಾಗಿಲ ಹೊರಗೇ ಮುದುರಿ ನಿಂತು, ನೀವು ರಿಜಿಸ್ಟರ್ ನೋಡುತ್ತಾ "ಆಧಾರ್ ತಂದಿದ್ದೀರಾ" ಅಂದರೆ, ಈ ಹೆಂಗಸು ಎಂಥವಳು ಅಂತ ಮಗು ಆಗಲೇ ತೀರ್ಮಾನ ಮಾಡಿರುತ್ತದೆ. ಆಮೇಲೆ ನೀವು ಅದರ ಭಾಷೆಯಲ್ಲೇ ಹಾಡು ಹೇಳಿದರೂ ಅದು ನಿಮ್ಮ ಹತ್ತಿರ ಬರಲು ತುಂಬಾ ಹೊತ್ತು ಬೇಕು.

ಅದಕ್ಕೇ ಮೊದಲ ದಿನ ಅಮ್ಮನನ್ನು ಒಳಗೆ ಕರೆದು ಕೂರಿಸಿ. ನೀವೂ ನೆಲದ ಮೇಲೆ ಕೂತುಕೊಳ್ಳಿ. ನಮ್ಮ ಕೇಂದ್ರದ ನಿಯಮ ಏನು ಅಂತ ಹೇಳುವ ಮೊದಲು ಅವರ ಮನೆಯ ರೀತಿ ಕೇಳಿ. ಇದು ಮರ್ಯಾದೆಗಾಗಿ ಕೇಳುವ ಪ್ರಶ್ನೆ ಅಲ್ಲ, ಆ ಉತ್ತರ ನಿಮಗೆ ಮಧ್ಯಾಹ್ನದ ಹೊತ್ತಿಗೇ ಬೇಕಾಗುತ್ತದೆ. ಮಗುವನ್ನು ಮನೆಯಲ್ಲಿ ಏನಂತ ಕರೆಯುತ್ತೀರಿ? ಬಂಗಾಳಿ ಮನೆಗಳಲ್ಲಿ ಕಾಗದದ ಮೇಲಿನ ಹೆಸರೇ ಬೇರೆ, ಮನೆಯ ಹೆಸರೇ ಬೇರೆ. ರಿಜಿಸ್ಟರಿನಲ್ಲಿರುವ ಹೆಸರನ್ನು ಮೂರು ವರ್ಷದ ಮಗು ಕೇಳಿಯೇ ಇಲ್ಲದಿರಬಹುದು. ನೀವು ಹತ್ತು ಸಲ ಕೂಗಿದರೂ ತಿರುಗಿ ನೋಡುವುದಿಲ್ಲ, ನಾವು "ಮಗು ಸ್ಪಂದಿಸುತ್ತಿಲ್ಲ" ಅಂತ ಬರೆದುಕೊಳ್ಳುತ್ತೇವೆ.

ಏನು ತಿನ್ನುತ್ತದೆ, ಯಾರು ತಿನ್ನಿಸುತ್ತಾರೆ? ಒಡಿಶಾ, ಬಂಗಾಳದ ಮಗುವಿಗೆ ಅನ್ನ ಬೇಕು. ನಮ್ಮ ರಾಗಿ ಮುದ್ದೆ ಅದಕ್ಕೆ ಊಟ ಅಂತಲೇ ಅನಿಸದೇ ಇರಬಹುದು. ಜೋಳದ ರೊಟ್ಟಿಯ ಮನೆಯಿಂದ ಬಂದ ಮಗುವಿಗೆ ನಮ್ಮ ಸಾಂಬಾರು ಹೊಸತು. ಎಷ್ಟೋ ಮನೆಗಳಲ್ಲಿ ನಾಲ್ಕು ವರ್ಷದವರೆಗೂ ಅಮ್ಮನೇ ತುತ್ತು ಕೊಡುತ್ತಾಳೆ, ಅದು ಪ್ರೀತಿ. "ಇಷ್ಟು ದೊಡ್ಡವನಾಗಿದ್ದಾನೆ, ಕೈಯಲ್ಲಿ ತಿನ್ನೋಕೂ ಬರಲ್ವಾ" ಅಂತ ನಾವು ಅವಳ ಎದುರಿಗೇ ಅಂದರೆ ಅವಳನ್ನೇ ಅಂದ ಹಾಗೆ. ಮೊದಲ ವಾರ ನೀವೂ ತುತ್ತು ಕೊಡಿ. ಪಕ್ಕದ ಮಕ್ಕಳು ತಿನ್ನುವುದನ್ನು ನೋಡಿ ಅದರ ಕೈಯೂ ತಟ್ಟೆಗೆ ಬರುತ್ತದೆ. ಮೊಟ್ಟೆ, ಮೀನು, ಮಾಂಸದ ವಿಷಯದಲ್ಲಿ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಡಬ್ಬಿ ತೆಗೆದಾಗ ಟೀಚರ್ ಮೂಗು ಮುಚ್ಚಿಕೊಂಡರೆ ಮಗು ಅದನ್ನು ಮರೆಯುವುದಿಲ್ಲ, ಉಳಿದ ಮಕ್ಕಳೂ ಮರೆಯುವುದಿಲ್ಲ.

ಹೇಗೆ ಮಲಗುತ್ತದೆ, ಅತ್ತರೆ ಹೇಗೆ ಸಮಾಧಾನ ಮಾಡುತ್ತೀರಿ, ಒಂದಕ್ಕೆ ಎರಡಕ್ಕೆ ಬಂದರೆ ಹೇಗೆ ಹೇಳುತ್ತದೆ, ಇವಿಷ್ಟನ್ನೂ ಕೇಳಿಬಿಡಿ. ಎಷ್ಟೋ ಮಕ್ಕಳು ಬಾಯಿಂದ ಹೇಳುವುದಿಲ್ಲ, ಒಂದು ಸನ್ನೆ ಇರುತ್ತದೆ. ಆ ಸನ್ನೆ ಗೊತ್ತಿದ್ದರೆ ಮಗುವಿನ ಮಾನ ಉಳಿಯುತ್ತದೆ.

ಕರಿದಾರ, ತಾಯಿತ, ಕಾಡಿಗೆಯ ಬೊಟ್ಟು ಬಗ್ಗೆ ಒಂದು ಮಾತು. ಇವನ್ನು ಕೇಳದೆ ಬಿಚ್ಚಬೇಡಿ, ಒರೆಸಬೇಡಿ. ಆದರೆ ಕತ್ತಿನ ದಾರ ಮಲಗಿದಾಗ, ಆಡುವಾಗ ಬಿಗಿದುಕೊಳ್ಳುವ ಅಪಾಯ ನಿಜ. ನಾನು ಅಮ್ಮಂದಿರಿಗೆ ಹೇಳುತ್ತಿದ್ದದ್ದು ಇಷ್ಟೇ: ಕಾಪಾಡಲಿ ಅಂತ ತಾನೇ ಕಟ್ಟಿದ್ದೀರಿ, ಕತ್ತಿಗೆ ಬಿಗಿದರೆ ಅಪಾಯ, ಕೈಗೋ ಸೊಂಟಕ್ಕೋ ಕಟ್ಟಬಹುದಾ? ಹೀಗೆ ಕೇಳಿದರೆ ಬಹಳ ಜನ ತಾವೇ ಬದಲಾಯಿಸಿ ಕಟ್ಟುತ್ತಾರೆ. "ಇದೆಲ್ಲಾ ಮೂಢನಂಬಿಕೆ" ಅಂದರೆ ಅವರು ನಿಮ್ಮೆದುರು ಬಿಚ್ಚಿ, ತಾವಿರುವ ಶೆಡ್ಡಿಗೆ ಹೋಗಿ ಮತ್ತೆ ಕತ್ತಿಗೇ ಕಟ್ಟುತ್ತಾರೆ. ಆಮೇಲೆ ನಿಮಗೆ ಏನನ್ನೂ ಹೇಳುವುದಿಲ್ಲ.

ಭಾಷೆ ಬಾರದವರ ಜೊತೆ ಇದನ್ನೆಲ್ಲ ಕೇಳೋದು ಹೇಗೆ ಅಂತ ನೀವು ಅಂದುಕೊಳ್ಳುತ್ತಿರಬಹುದು. ಹಿಂದಿ ಇದೆಯಲ್ಲ ಅಂತ ಪೂರ್ತಿ ನಂಬಬೇಡಿ. ಒಡಿಶಾ, ಬಂಗಾಳ, ಆಂಧ್ರದ ಹಳ್ಳಿಗಳಿಂದ ಬಂದ ಗಂಡಸರಿಗೆ ಕೆಲಸದ ಜಾಗದಲ್ಲಿ ಹಿಂದಿ ಬಂದಿರುತ್ತದೆ, ಹೆಂಗಸರಿಗೆ ಎಷ್ಟೋ ಸಲ ಬರುವುದಿಲ್ಲ. ಅವರು ಎಲ್ಲದಕ್ಕೂ "ಹಾಂ ದೀದಿ" ಅಂತ ತಲೆಯಾಡಿಸುತ್ತಾರೆ. ಅದು ಒಪ್ಪಿಗೆ ಅಲ್ಲ, ಅರ್ಥ ಆಯಿತು ಅಂತಲೂ ಅಲ್ಲ. ದೊಡ್ಡವರು ಮಾತಾಡುವಾಗ ಎದುರಾಡಬಾರದು ಅನ್ನುವ ಗೌರವ, ಜೊತೆಗೆ ಸ್ವಲ್ಪ ಭಯ. "ಅರ್ಥ ಆಯ್ತಾ" ಅಂತ ಕೇಳುವುದರ ಬದಲು "ಈಗ ಮನೆಗೆ ಹೋಗಿ ಏನು ಮಾಡ್ತೀರಿ, ನನಗೆ ಹೇಳಿ" ಅನ್ನಿ. ಅಲ್ಲಿ ನಿಜ ಗೊತ್ತಾಗುತ್ತದೆ. ಅದೇ ಊರಿನ, ಕನ್ನಡ ಬರುವ ಒಬ್ಬ ಹೆಂಗಸು ಶೆಡ್ಡಿನಲ್ಲಿ ಎಷ್ಟೋ ಸಲ ಇರುತ್ತಾಳೆ, ಅಮ್ಮ ಒಪ್ಪಿದರೆ ಅವಳನ್ನು ಕರೆಸಿ. ಎಂಟು ವರ್ಷದ ಅಕ್ಕನನ್ನು ಮಾತ್ರ ದುಭಾಷಿ ಮಾಡಬೇಡಿ. ತಮ್ಮನ ಭೇದಿ, ಅಪ್ಪನ ಕುಡಿತ ಇಂಥ ಮಾತನ್ನು ಆ ಹುಡುಗಿಯ ಬಾಯಿಂದ ಹೇಳಿಸುವುದು ಅನ್ಯಾಯ.

ಫೋನಿನಲ್ಲಿ ಬರೆದು ಕಳಿಸುವುದಕ್ಕಿಂತ ಧ್ವನಿ ಸಂದೇಶ ಒಳ್ಳೆಯದು, ಓದು ಬಾರದವರು ಬಹಳ ಜನ ಇದ್ದಾರೆ. ಗೂಗಲ್ ಅನುವಾದ ಬಳಸಿದರೆ ಚಿಕ್ಕ ಚಿಕ್ಕ ವಾಕ್ಯ ಹೇಳಿ, ಬಂದದ್ದನ್ನು ತಿರುಗಿ ಕನ್ನಡಕ್ಕೆ ಮಾಡಿ ನೋಡಿ ಆಮೇಲೆ ಕಳಿಸಿ. ಔಷಧಿಯ ವಿಷಯಕ್ಕೆ ಅದನ್ನು ನಂಬಲೇಬೇಡಿ. ಪೋಷಕರ ಸಭೆಯನ್ನು ಬುಧವಾರ ಹನ್ನೊಂದು ಗಂಟೆಗೆ ಕರೆದು "ಇವರಿಗೆ ಮಕ್ಕಳ ಮೇಲೆ ಆಸಕ್ತಿ ಇಲ್ಲ" ಅನ್ನುವ ಮಾತು ನಮ್ಮಲ್ಲಿ ತುಂಬಾ ಕೇಳಿಬರುತ್ತದೆ. ಆ ಹೊತ್ತಿಗೆ ಬಂದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ. ಸಂಜೆ ಕರೆದುಕೊಂಡು ಹೋಗುವಾಗ ಸಿಗುವ ಐದು ನಿಮಿಷವೇ ನಿಮ್ಮ ಸಭೆ. ಅದನ್ನು ದೂರು ಹೇಳುವುದಕ್ಕೆ ಬಳಸಬೇಡಿ. ಮಗು ಇವತ್ತು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ ಕಳಿಸಿ.

ಇನ್ನು ಮಗುವಿನ ಜೊತೆ. ಪ್ರತಿ ಭಾಷೆಯಲ್ಲೂ ಏಳೆಂಟು ಮಾತು ಸಾಕು: ನೀರು, ಊಟ, ನೋವು, ಹೊಟ್ಟೆ, ಒಂದಕ್ಕೆ, ನಿದ್ದೆ, ಬಾ. ಎಲ್ಲಕ್ಕಿಂತ ಮುಖ್ಯ, "ಅಮ್ಮ ಬರ್ತಾಳೆ." ತೆಲುಗಿನಲ್ಲಿ "ಅಮ್ಮ ವಸ್ತುಂದಿ", ಬಂಗಾಳಿಯಲ್ಲಿ "ಮಾ ಆಶ್ಬೆ". ಲಂಬಾಣಿ ಮಕ್ಕಳಿಗೆ ಅಮ್ಮ ಅಂದರೆ ಯಾಡಿ. ಈ ಮಾತುಗಳನ್ನು ಪುಸ್ತಕದಿಂದ ಕಲಿಯಬೇಡಿ, ಅಮ್ಮನನ್ನೇ ಕೇಳಿ, ಮಗುವಿನ ಎದುರೇ ಅವಳಿಂದ ಹೇಳಿಸಿಕೊಂಡು ಹೇಳಿ. ಟೀಚರ್ ನನ್ನ ಅಮ್ಮನ ಹತ್ತಿರ ಕಲಿಯುತ್ತಿದ್ದಾಳೆ ಅಂತ ಮಗು ನೋಡಬೇಕು. ಅಮ್ಮನಿಗೂ ನಾನು ಇಲ್ಲಿ ಬರೀ ಸಹಿ ಹಾಕುವವಳಲ್ಲ ಅನ್ನಿಸುತ್ತದೆ.

ಉಳಿದದ್ದನ್ನು ಕನ್ನಡದಲ್ಲೇ, ಕೈ, ಮುಖ, ವಸ್ತು ತೋರಿಸಿ ಮಾತಾಡಿ. ಅದೇ ಕೆಲಸಕ್ಕೆ ದಿನಾ ಅದೇ ಮಾತು. ಕೈ ತೊಳೆಯೋದು, ಊಟ, ನಿದ್ದೆ, ಆಟ ಇವುಗಳ ಚಿತ್ರ ಸಾಲಾಗಿ ಗೋಡೆಗೆ ಅಂಟಿಸಿ, ಮುಂದೆ ಏನು ಅಂತ ಮಗುವಿಗೆ ಗೊತ್ತಾದರೆ ಅರ್ಧ ಅಳು ನಿಲ್ಲುತ್ತದೆ. ಈ ಮಕ್ಕಳು ಇಲ್ಲೇ ಬೆಳೆಯುವವರು, ಅವರಿಗೆ ಕನ್ನಡ ಬರಲಿ ಅಂತ ನನಗೆ ತುಂಬಾ ಆಸೆ. ಆದರೆ ಅದು ಅವರ ಮನೆಮಾತನ್ನು ಬಿಡಿಸಿ ಬರಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು, ಎರಡೂ 3ರಿಂದ 8 ವರ್ಷದ ಮಕ್ಕಳ ಕಲಿಕೆಗೆ ಮನೆಮಾತಿಗೇ ಒತ್ತು ಕೊಡುತ್ತವೆ. ಐದಾರು ಮನೆಮಾತಿರುವ ಕೋಣೆಯಲ್ಲಿ ಪೂರ್ತಿ ಹಾಗೆ ಮಾಡುವುದು ಒಬ್ಬ ಟೀಚರ್ ಕೈಲಿ ಆಗುವುದಿಲ್ಲ. ಆಗುವುದು ಇಷ್ಟು: ಮಕ್ಕಳು ತಮ್ಮತಮ್ಮಲ್ಲಿ ತಮ್ಮ ಭಾಷೆ ಆಡಿದರೆ ತಡೆಯದಿರುವುದು, ಅಮ್ಮಂದಿರ ಜೋಗುಳ, ಹಾಡು, ಕಥೆ ಫೋನಿನಲ್ಲಿ ಹಿಡಿದಿಟ್ಟು ಕ್ಲಾಸಿನಲ್ಲಿ ಕೇಳಿಸುವುದು. "ಮನೇಲೂ ಕನ್ನಡಾನೇ ಮಾತಾಡಿ" ಅಂತ ಅಥವಾ "ಇಂಗ್ಲಿಷ್ ಮಾತಾಡಿ" ಅಂತ ಯಾವ ಅಮ್ಮನಿಗೂ ಹೇಳಬೇಡಿ. ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಅವಳು ಮಗುವಿನ ಜೊತೆ ಕಡಿಮೆ ಮಾತಾಡುತ್ತಾಳೆ, ನಷ್ಟ ಮಗುವಿಗೇ. ಎರಡು ಭಾಷೆ ಬೆರೆಸಿ ಮಾತಾಡುವುದು ಗೊಂದಲ ಅಲ್ಲ, ಎರಡು ಭಾಷೆ ಕಲಿಯುವ ಮಕ್ಕಳೆಲ್ಲ ಹಾಗೆ ಮಾಡುತ್ತಾರೆ.

ಕೆಲವು ಮಕ್ಕಳು ಬಾಯೇ ಬಿಡುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಹೊಸ ಭಾಷೆಯ ನಡುವೆ ಬಂದ ಮಗು ಮೊದಲು ತನ್ನ ಭಾಷೆಯಲ್ಲೇ ಮಾತಾಡಿ ನೋಡುತ್ತದೆ. ಯಾರಿಗೂ ತಿಳಿಯುತ್ತಿಲ್ಲ ಅಂತ ಗೊತ್ತಾದ ಮೇಲೆ ಸುಮ್ಮನಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ, ನೋಡುತ್ತಿರುತ್ತದೆ. ಆಮೇಲೆ ಒಂದೊಂದೇ ಪದ, ಹಾಡಿನ ತುಂಡು ಬರುತ್ತದೆ. ಎಲ್ಲರ ಎದುರು ನಿಲ್ಲಿಸಿ "ಹೇಳು, ಹೇಳು" ಅನ್ನಬೇಡಿ. ಪಕ್ಕದಲ್ಲಿ ಕೂತು ಅದು ಮಾಡುತ್ತಿರುವುದನ್ನೇ ನೀವು ಮಾತಿನಲ್ಲಿ ಹೇಳುತ್ತಾ ಹೋಗಿ. ಒಂದನ್ನು ಮಾತ್ರ ಅಮ್ಮನ ಹತ್ತಿರ ಕೇಳಿ ತಿಳಿದುಕೊಳ್ಳಿ: ಮನೆಯಲ್ಲಿ, ತನ್ನ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತದಾ? ಹೌದು ಅಂದರೆ ಕಾಯಿರಿ. ಮನೆಯಲ್ಲೂ ಮಾತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಅಂದರೆ ಕಾಯಬೇಡಿ, ಕಿವಿ ಪರೀಕ್ಷೆ ಆಗಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುತ್ತದೆ, ಹತ್ತಿರದ ಅಂಗನವಾಡಿಯವರನ್ನು ಕೇಳಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಭಾಷೆ ಹೊಸದು ಅಂತ ಸುಮ್ಮನಿದ್ದು ಕಿವುಡುತನ ಕಾಣದೇ ಹೋಗುವುದು, ಭಾಷೆ ಹೊಸದಾದ ಮಗುವಿಗೆ ಬುದ್ಧಿ ಕಡಿಮೆ ಅಂತ ಹಣೆಪಟ್ಟಿ ಹಚ್ಚುವುದು, ಎರಡೂ ನಡೆಯುತ್ತವೆ. ಎರಡೂ ಮಗುವಿನ ವರ್ಷಗಳನ್ನು ತಿನ್ನುತ್ತವೆ.

ನಿಮ್ಮ ಪ್ರಶ್ನೆಯಲ್ಲಿ ಒಡಿಯಾ, ಬಂಗಾಳಿಯ ಚಿಂತೆ ಜಾಸ್ತಿ ಕಂಡಿತು. ನನಗೆ ಜಾಸ್ತಿ ಚಿಂತೆ ಕನ್ನಡದ ಒಳಗಿನದು. ಕಲಬುರಗಿ, ಯಾದಗಿರಿಯ ಮಗು ತನ್ನ ಕನ್ನಡದಲ್ಲಿ ಮಾತಾಡಿದಾಗ ಬೆಂಗಳೂರಿನ ಟೀಚರ್, ಆಯಾ ನಕ್ಕುಬಿಡುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಮುದ್ದಾಗಿ ಕೇಳಿಸುತ್ತದೆ ಅಂತ. ಮಗುವಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೇರೆ ಭಾಷೆಯ ಮಗುವಿಗೆ "ಪಾಪ, ಕನ್ನಡ ಬರಲ್ಲ" ಅನ್ನುವ ರಿಯಾಯಿತಿಯಾದರೂ ಸಿಗುತ್ತದೆ, ಇದಕ್ಕೆ ಅದೂ ಇಲ್ಲ, ಇದರದ್ದು "ತಪ್ಪು ಕನ್ನಡ" ಆಗಿಬಿಡುತ್ತದೆ. ಟೀಚರಿಗೆ "ನೀ ಬಾ" ಅಂದರೆ ಅದು ಅಗೌರವ ಅಲ್ಲ, ಅವರ ಮನೆಯಲ್ಲಿ ಅವ್ವನನ್ನೂ ಹಾಗೇ ಕರೆಯುತ್ತಾರೆ. ತಿದ್ದಬೇಡಿ. ನೀವು ನಿಮ್ಮ ಕನ್ನಡದಲ್ಲಿ ಉತ್ತರ ಕೊಡಿ, ಅದು ಅದರ ಕನ್ನಡದಲ್ಲಿ ಮಾತಾಡಲಿ. ಲಂಬಾಣಿ ಮಕ್ಕಳದ್ದು ಇನ್ನೊಂದು ತೊಂದರೆ. ಅಪ್ಪ ಅಮ್ಮ ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾರೆ, ಹಾಗಾಗಿ ಮಗುವಿಗೂ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ತಾಂಡಾದಲ್ಲಿ ಬೆಳೆದ ಮೂರು ವರ್ಷದ ಮಗುವಿಗೆ ಲಂಬಾಣಿ ಮಾತ್ರ ಬರುತ್ತಿರಬಹುದು. ಒಡಿಯಾ ಮಗುವಿಗೆ ಕೊಡುವಷ್ಟೇ ಸಮಯ ಅದಕ್ಕೂ ಕೊಡಿ.

ಎಲ್ಲದಕ್ಕೂ "ಅವರ ರೀತಿ" ಅಂತ ಒಪ್ಪಿಕೊಳ್ಳಬೇಕಾಗಿಲ್ಲ. "ಹೊಡೀರಿ ಟೀಚರ್, ನಾವೇನೂ ಅನ್ಕೊಳ್ಳಲ್ಲ" ಅನ್ನುವ ಅಪ್ಪ ಅಮ್ಮ ನಿಮಗೆ ಸಿಕ್ಕೇ ಸಿಗುತ್ತಾರೆ. ಮಗು ಚೆನ್ನಾಗಿ ಕಲಿಯಲಿ ಅನ್ನುವ ಆಸೆಯಿಂದಲೇ ಅವರು ಹಾಗೆ ಹೇಳುತ್ತಾರೆ. ಆ ಆಸೆಗೆ ಉತ್ತರ ಕೊಡಿ: ನಿಮ್ಮ ಮಗ ಕಲಿಯೋ ಹಾಗೆ ಮಾಡೋದು ನನ್ನ ಜವಾಬ್ದಾರಿ, ಹೊಡೆದರೆ ಅವನು ನನ್ನ ಹತ್ತಿರ ಬರಲ್ಲ, ಅದಕ್ಕೇ ನಾನು ಹೊಡೆಯಲ್ಲ. ಅಷ್ಟೇ ಸಾಕು, ಉಪದೇಶ ಬೇಡ.

ವರ್ಷಕ್ಕೊಂದು ದಿನ ಬೇರೆ ಬೇರೆ ರಾಜ್ಯದ ಬಟ್ಟೆ ಹಾಕಿಸಿ ಫೋಟೋ ತೆಗೆಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಅದಕ್ಕಿಂತ ಆಟದ ಮೂಲೆಯಲ್ಲಿ ರೊಟ್ಟಿ ತಟ್ಟುವ ಹಲಗೆ, ಮೀನಿನ ಬುಟ್ಟಿ, ಗಾರೆ ಕರಣೆ ಇರಲಿ. ಮಕ್ಕಳು ತಮ್ಮ ಮನೆಯವರ ಕೆಲಸವನ್ನೇ ಆಡುತ್ತಾರೆ, ಆಗ ಬರುವಷ್ಟು ಮಾತು ಚಾರ್ಟ್ ತೋರಿಸಿದರೆ ಬರುವುದಿಲ್ಲ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ಈ ಕುಟುಂಬಗಳು ಕಟ್ಟಡ ಮುಗಿದ ಕೂಡಲೇ ಹೊರಡುತ್ತವೆ, ಹಲವು ಸಲ ಹಿಂದಿನ ರಾತ್ರಿ ತಿಳಿಯುತ್ತದೆ. ಹಾಗಾಗಿ ಪ್ರತಿ ಮಗುವಿಗೂ ಒಂದು ಹಾಳೆ ಮೊದಲೇ ತಯಾರು ಮಾಡಿಡಿ: ಮನೆಯ ಹೆಸರು, ಮನೆಮಾತು, ಏನು ತಿನ್ನುತ್ತದೆ, ಹೇಗೆ ಸಮಾಧಾನ ಆಗುತ್ತದೆ, ಯಾವ ಹಾಡು ಇಷ್ಟ, ತೂಕ ಎಷ್ಟು, ಯಾವ ಲಸಿಕೆ ಆಗಿದೆ. ಹಿಂದಿಯಲ್ಲೋ ಅವರ ಭಾಷೆಯಲ್ಲೋ ಬರೆಸಿ, ತಾಯಿ ಕಾರ್ಡ್ ಜೊತೆ ಇಟ್ಟುಕೊಳ್ಳಲು ಅಮ್ಮನ ಕೈಗೆ ಕೊಡಿ. ಮಗುವಿನ ಹೆಸರು ಅಂಗನವಾಡಿಯಲ್ಲೂ ಇದ್ದರೆ, ಅಂಗನವಾಡಿಯವರು ಮಕ್ಕಳ ವಿವರ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಬೇರೆ ಊರಿನ ಕೇಂದ್ರಕ್ಕೆ ವರ್ಗ ಮಾಡುವ ಅವಕಾಶ ಇದೆ, ಅದನ್ನು ಮಾಡಿಸಿಕೊಳ್ಳಲು ಅಮ್ಮನಿಗೆ ಹೇಳಿಡಿ. ಮುಂದಿನ ಊರಿನ ಟೀಚರ್ ಆ ಮಗುವನ್ನು ಮೊದಲ ದಿನವೇ ಅದರ ಮನೆಯ ಹೆಸರಿನಿಂದ ಕರೆಯಬಹುದು.