ದುಬೈ ಕೆಲಸಕ್ಕೆ ಡಿಗ್ರಿ, ಮದುವೆ ಸರ್ಟಿಫಿಕೇಟ್‌ಗಳಿಗೆ ಅಪೊಸ್ಟಿಲ್ ಮಾಡಿಸಿದರೆ ಸಾಕಾ?

ಸಾಕಾಗಲ್ಲ. ಡಿಗ್ರಿ, ಮದುವೆ ಸರ್ಟಿಫಿಕೇಟ್, ಮಗುವಿನ ಜನನ ಪ್ರಮಾಣಪತ್ರ ಮೂರಕ್ಕೂ ಅಪೊಸ್ಟಿಲ್ ಹಾಕಿಸಿಕೊಡುತ್ತೇನೆ ಎಂದು ಏಜೆಂಟ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಸ್ವಲ್ಪ ತಡೆಯಿರಿ. ಅಪೊಸ್ಟಿಲ್ ಅಂದರೆ ಕಾಗದದ ಸಹಿ, ಸೀಲು ಅಸಲಿ ಎಂದು ಸರ್ಕಾರ ಹಾಕುವ ಒಂದೇ ಮುದ್ರೆ. ಅದು ನಡೆಯುವುದು 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ. ಭಾರತ 2005ರ ಜುಲೈನಿಂದ ಅದರಲ್ಲಿದೆ, ಯುಎಇ ಇಲ್ಲ. ಕತಾರ್, ಕುವೈತ್ ಕೂಡ ಇಲ್ಲ. ಒಮಾನ್, ಬಹ್ರೇನ್ ಇವೆ. ಸೌದಿ 2022ರ ಡಿಸೆಂಬರ್‌ನಿಂದ ಇದೆ. ಹಾಗಾಗಿ ‘ಗಲ್ಫ್‌ಗೆಲ್ಲ ಒಂದೇ ರೇಟು’ ಅನ್ನುವವರಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೇ ಹೇಳುತ್ತಿದ್ದಾರೆ. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿರುವುದರಿಂದ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಕಾಗದ ಯಾವ ದೇಶಕ್ಕೆ ಅನ್ನುವುದರ ಮೇಲೆ ದಾರಿಯೇ ಬೇರೆಯಾಗುತ್ತದೆ.

ಯುಎಇಗೆ ಬೇಕಾದ್ದು ಅಟೆಸ್ಟೇಶನ್, ಅಂದರೆ ಒಂದರ ಮೇಲೊಂದು ಕಚೇರಿಯ ಮುದ್ರೆ. ಅದರ ದಾರಿ ಹೀಗೆ: ಮೊದಲು ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ನಂತರ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಇಲಾಖೆ. ಅಲ್ಲಿನವರು ಇದನ್ನು ‘ಮೋಫಾ’ ಅನ್ನುತ್ತಾರೆ. ನೀವು ನಿಜಕ್ಕೂ ಬಿಇ ಪಾಸಾಗಿದ್ದೀರಾ ಎಂದು ಈ ಕಚೇರಿಗಳೆಲ್ಲ ಮತ್ತೆ ಮತ್ತೆ ವಿಚಾರಿಸುವುದಿಲ್ಲ. ಹಿಂದಿನ ಕಚೇರಿಯ ಅಧಿಕಾರಿಯ ಸಹಿ ತಮ್ಮಲ್ಲಿರುವ ಮಾದರಿ ಸಹಿಗೆ ತಾಳೆಯಾಗುತ್ತದಾ ಎಂದಷ್ಟೇ ನೋಡುತ್ತಾರೆ. ಸೀಲು ಮಸುಕಾಗಿದ್ದರೆ, ಸಹಿ ಹಾಕಿದ ಅಧಿಕಾರಿಯ ಮಾದರಿ ಸಹಿ ಮುಂದಿನ ಕಚೇರಿಗೆ ತಲುಪಿರದಿದ್ದರೆ, ಅಥವಾ ನಡುವೆ ಒಂದು ಮೆಟ್ಟಿಲು ಹಾರಿಸಿದ್ದರೆ ಫೈಲು ವಾಪಸ್ ಬರುವುದು ಇದೇ ಕಾರಣಕ್ಕೆ.

ಮೊದಲ ಮುದ್ರೆ ಕಾಗದ ಹುಟ್ಟಿದ ರಾಜ್ಯದ್ದಾಗಿರಬೇಕು, ನೀವಿರುವ ರಾಜ್ಯದ್ದಲ್ಲ. ವಿಟಿಯು ಡಿಗ್ರಿಗೆ ಕರ್ನಾಟಕದ ಶಿಕ್ಷಣ ಇಲಾಖೆ. ಮದುವೆ, ಜನನ ಪತ್ರಗಳಿಗೆ ಗೃಹ ಇಲಾಖೆ. ಕಾಸರಗೋಡಿನಲ್ಲಿ ಓದಿದವರು ಬೆಂಗಳೂರಿಗೆ ಬಂದು ಪ್ರಯೋಜನವಿಲ್ಲ, ಕೇರಳ ಸರ್ಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾದ ಕೇಂದ್ರಕ್ಕೇ ಹೋಗಬೇಕು. ರಾಜ್ಯದ್ದು ತಡ ಅಂತ ಏಜೆಂಟರು ದೆಹಲಿಯ ಎಸ್‌ಡಿಎಂ (ಉಪವಿಭಾಗಾಧಿಕಾರಿ) ಮುದ್ರೆಯ ಅಡ್ಡದಾರಿ ಹೇಳುತ್ತಾರೆ. ಡಿಗ್ರಿಗೆ ರಾಜ್ಯ ಶಿಕ್ಷಣ ಇಲಾಖೆಯದ್ದೇ ಬೇಕೆನ್ನುವ ಕಂಪನಿಗಳಿವೆ, ಹಾಗಾಗಿ ಎಚ್‌ಆರ್‌ನಿಂದ ಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ಆ ದಾರಿ ಹಿಡಿಯಿರಿ.

ಇನ್ನು, ನಮ್ಮ ಕಡೆಯವರ ಕಾಗದ ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇನಿಶಿಯಲ್‌ನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’, ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ ಕೃಷ್ಣಪ್ಪ’, ಮದುವೆ ಸರ್ಟಿಫಿಕೇಟ್‌ನಲ್ಲಿ ‘ಕೆ. ಮಂಜುನಾಥ್’. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ಲಿ ಹೆಂಡತಿಯ ವೀಸಾ ನಿಂತುಬಿಡುತ್ತದೆ. ಎಲ್ಲ ಕಾಗದಗಳನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಮದುವೆ ಮತ್ತು ಜನನ ಪತ್ರದಲ್ಲಿ ತಪ್ಪಿದ್ದರೆ ನೋಂದಣಿ ಮಾಡಿದ ಕಚೇರಿಯಲ್ಲೇ ತಿದ್ದಿಸಿ. ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ಟನ್ನು ಕೆಲವು ಕಡೆ ಒಪ್ಪುತ್ತಾರೆ, ಅದನ್ನೇ ನೆಚ್ಚಿಕೊಳ್ಳಬೇಡಿ. ಮುದ್ರೆಗಳೆಲ್ಲ ಬಿದ್ದ ಮೇಲೆ ಹೆಸರು ತಿದ್ದಿಸಿದರೆ ಹೊಸ ಕಾಗದಕ್ಕೆ ಮೊದಲಿನಿಂದ ಸುತ್ತಬೇಕು.

ಜನನ ಪತ್ರ ಹಳೆಯದಾಗಿ ಕನ್ನಡದಲ್ಲಿ ಕೈಬರಹದಲ್ಲಿದ್ದರೆ, ಅಥವಾ ಮಗುವಿನ ಹೆಸರಿನ ಜಾಗ ಖಾಲಿಯಿದ್ದರೆ, ಹೆಸರು ಸೇರಿಸಿ ಇಂಗ್ಲಿಷ್ ಇರುವ ಹೊಸ ಪ್ರತಿ ತೆಗೆಸಿ. ದೇವಸ್ಥಾನದವರು, ಛತ್ರದವರು ಕೊಟ್ಟ ಮದುವೆ ಪತ್ರ ನಡೆಯಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯದ್ದು ಬೇಕು. ಡಿಗ್ರಿಗೆ ಲ್ಯಾಮಿನೇಶನ್ ಮಾಡಿಸಿದ್ದರೆ ಅದನ್ನು ಬಿಡಿಸಲೇಬೇಕು, ಏಕೆಂದರೆ ಸೀಲು, ಸ್ಟಿಕ್ಕರ್ ಬೀಳುವುದು ಮೂಲ ಕಾಗದದ ಹಿಂಬದಿಗೆ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಪ್ರಯೋಗ ಬೇಡ, ಅಕ್ಷರವೂ ಪ್ಲಾಸ್ಟಿಕ್ ಜೊತೆ ಎದ್ದುಬರುತ್ತದೆ. ಹಾಳಾಗುವ ಹಾಗಿದ್ದರೆ ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ತರಿಸುವುದೇ ವಾಸಿ. ಸಾಧ್ಯವಾದರೆ ಪ್ರಾವಿಷನಲ್ ಬಿಟ್ಟು ಘಟಿಕೋತ್ಸವದ ಪತ್ರವನ್ನೇ ಕೊಡಿ. ಕೊಡುವ ಮೊದಲು ಎರಡೂ ಬದಿ ಕಲರ್ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ವಿದೇಶಾಂಗ ಸಚಿವಾಲಯ ಸಾರ್ವಜನಿಕರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ. ಅಧಿಕೃತ ಏಜೆನ್ಸಿಗಳ ಪಟ್ಟಿ ಅದರ ವೆಬ್‌ಸೈಟ್‌ನಲ್ಲೇ ಇದೆ. 2019ರಿಂದ ಈ ಕೆಲಸ ಬೆಂಗಳೂರಿನಲ್ಲೂ ಆಗುತ್ತದೆ, ದೆಹಲಿಗೆ ಕಳಿಸಬೇಕಾಗಿಲ್ಲ. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ಕಾಗದವೊಂದಕ್ಕೆ 50 ರೂಪಾಯಿ. ನಿಮಗೆ ಬೇಕಾದ ಸಾಮಾನ್ಯ ಅಟೆಸ್ಟೇಶನ್‌ಗೆ ಅದೂ ಇಲ್ಲ, ಏಜೆನ್ಸಿಯ ಸೇವಾ ಶುಲ್ಕ ಮಾತ್ರ. ಏಜೆಂಟ್ ಹೇಳಿದ ಮೊತ್ತದಲ್ಲಿ ರಾಯಭಾರ ಕಚೇರಿಗೆ ಎಷ್ಟು, ತಮಗೆ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ. ಪೊಲೀಸ್ ಕ್ಲಿಯರೆನ್ಸ್ ಕೇಳಿದ್ದರೆ, ಪಾಸ್‌ಪೋರ್ಟ್ ಕಚೇರಿ ಕೊಟ್ಟದ್ದಕ್ಕೆ ರಾಜ್ಯದ ಮುದ್ರೆ ಬೇಡ, ನೇರ ಸಚಿವಾಲಯಕ್ಕೆ ಹೋಗುತ್ತದೆ. ನರ್ಸಿಂಗ್‌ನವರಿಗೆ ಕೇಳುವ ಡೇಟಾಫ್ಲೋ ಅನ್ನುವುದು ಓದು, ಅನುಭವ ನಿಜವೇ ಎಂದು ನೋಡುವ ಬೇರೆಯೇ ಪರಿಶೀಲನೆ. ಅದಾಯಿತೆಂದು ಈ ಮುದ್ರೆಗಳನ್ನು ಬಿಡುವ ಹಾಗಿಲ್ಲ.

ನಿಮ್ಮದೇ ಸಂಸ್ಥೆಯ ಶಾಖೆಯನ್ನು ಅಲ್ಲಿ ತೆರೆಯುವುದಿದ್ದರೆ, ಅದರ ಕಾಗದಗಳಿಗೆ (ಬೋರ್ಡ್ ನಿರ್ಣಯ, ಪವರ್ ಆಫ್ ಅಟಾರ್ನಿ, ಇನ್‌ಕಾರ್ಪೊರೇಶನ್ ಸರ್ಟಿಫಿಕೇಟ್) ಮೊದಲ ಮೆಟ್ಟಿಲು ಬೇರೆ: ನೋಟರಿ, ಆಮೇಲೆ ವಾಣಿಜ್ಯ ಮಂಡಳಿ. ಬೆಂಗಳೂರಿನಲ್ಲಿ ಕೆಂಪೇಗೌಡ ರಸ್ತೆಯ ಎಫ್‌ಕೆಸಿಸಿಐ ಇದೆ. ಅದರ ನಂತರದ್ದೆಲ್ಲ ಮೇಲಿನಂತೆಯೇ. ಹಲವು ಹಾಳೆಗಳ ಕಾಗದವಾದರೆ ಹೊಲಿಸಿ, ಪ್ರತಿ ಹಾಳೆಗೂ ಕಂಪನಿ ಸೀಲು ಮತ್ತು ಸಹಿ ಹಾಕಿ. ಬಿಡಿ ಹಾಳೆ ಬದಲಾಯಿಸಿದ್ದಾರೆ ಎಂಬ ಅನುಮಾನಕ್ಕೆ ಎಡೆಯಿರಬಾರದು. ರಾಯಭಾರ ಕಚೇರಿಯಲ್ಲಿ ಇವುಗಳ ಶುಲ್ಕ ವೈಯಕ್ತಿಕ ಕಾಗದದ ಹಲವು ಪಟ್ಟು. ಅದಕ್ಕೇ ಅಲ್ಲಿನ ಲೈಸೆನ್ಸ್ ಪ್ರಾಧಿಕಾರ ಯಾವ್ಯಾವುದನ್ನು ಕೇಳಿದೆಯೋ ಅಷ್ಟನ್ನೇ ಮಾಡಿಸಿ.

ದುಬೈ ತಲುಪಿದ ಮೇಲೆ ಮೋಫಾ ಮುದ್ರೆಗೆ ವೈಯಕ್ತಿಕ ಕಾಗದವೊಂದಕ್ಕೆ 150 ದಿರ್ಹಮ್. ಅರೇಬಿಕ್ ಅನುವಾದ ಇಲ್ಲಿಂದ ಮಾಡಿಸಿಕೊಂಡು ಹೋಗಬೇಡಿ. ಅಲ್ಲಿನ ನ್ಯಾಯ ಇಲಾಖೆಯ ಪರವಾನಗಿ ಇರುವ ಅನುವಾದಕರದ್ದೇ ಬೇಕು, ಅದೂ ಹಿಂಬದಿಯ ಸೀಲುಗಳೆಲ್ಲ ಪೂರ್ತಿಯಾದ ಮೇಲೆ.