ಗಾಡಿ ತಮ್ಮನದು, ಕಳ್ಳತನ ಅವನದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ತಮ್ಮ ಟಾಟಾ ಏಸ್ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾನೆ. ಗಾಡಿ ಸಾಲ ಇನ್ನೂ ತೀರಿಲ್ಲ. ಹೋದ ವರ್ಷ ಅಡಿಕೆ ಸುಗ್ಗಿಯಲ್ಲಿ ಪರಿಚಯದ ಹುಡುಗನೊಬ್ಬ ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿ, ‘ಮಾವನ ಅಡಿಕೆ ಇದೆ, ಬೆಳಗ್ಗೆ ಮಂಡಿಗೆ ಮುಟ್ಟಿಸಬೇಕು, ಬಾ’ ಅಂದ. ಇವನು ಹೋಗಿ ಎಂಟು ಚೀಲ ಹೇರಿಕೊಂಡು ಬಂದ. ಅದು ಗೋದಾಮಿನ ಬೀಗ ಒಡೆದು ಕದ್ದ ಅಡಿಕೆಯಂತೆ. ಈಗ ಇವನು ಮೂರನೇ ಆರೋಪಿ. ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಈ ವಾರ ಚಾರ್ಜ್‌ಶೀಟ್ ನಕಲು ಸಿಕ್ಕಿತು. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 331(4), 305, 49 ಮತ್ತು 3(5) ಅಂತಿದೆ. ಗಾಡಿ ಠಾಣೆ ಮುಂದೆಯೇ ನಿಂತಿದೆ. ‘ನಿನ್ನ ಗಾಡಿ ಇಲ್ಲದಿದ್ದರೆ ಕಳ್ಳತನ ಆಗ್ತಾನೇ ಇರಲಿಲ್ಲ’ ಅಂತ ಎಲ್ಲರೂ ಅನ್ನುತ್ತಾರೆ. ಊರ ಹಿರಿಯರು ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸು’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ತಂಗಿ, ಮೊದಲು ಹಿರಿಯರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ತಪ್ಪೊಪ್ಪಿಕೊಳ್ಳುವುದು ಬೇಡವೇ ಬೇಡ. 331(4) ಅಂದರೆ ರಾತ್ರಿ ಹೊತ್ತು ಬೀಗ ಒಡೆದು ನುಗ್ಗುವುದು. ಕಳ್ಳತನಕ್ಕೆಂದೇ ನುಗ್ಗಿದ್ದರೆ ಶಿಕ್ಷೆ 14 ವರ್ಷದವರೆಗೂ ಹೋಗಬಹುದು. 305 ಅಂದರೆ ಮನೆ, ಗೋದಾಮಿನಂಥ ಕಟ್ಟಡದೊಳಗಿನ ಕಳ್ಳತನ. 49ನೇ ಕಲಂ ಪ್ರಕಾರ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ದಂಡ ಕಟ್ಟಿ ಎದ್ದು ಬರುವ ಕೇಸಲ್ಲ ಇದು. ಮ್ಯಾಜಿಸ್ಟ್ರೇಟರು ಶಿಕ್ಷೆ ಕಡಿಮೆ ಕೊಟ್ಟರೂ ‘ಕಳ್ಳತನದಲ್ಲಿ ಅಪರಾಧಿ’ ಅನ್ನುವ ದಾಖಲೆ ಹಾಗೇ ಉಳಿಯುತ್ತದೆ. ನಂಬಿಕೆಯ ಮೇಲೆ ಬಾಡಿಗೆ ಹಿಡಿಯುವ ಹುಡುಗ ಆಮೇಲೆ ಎಲ್ಲಿಗೆ ಹೋಗಬೇಕು?

ಇನ್ನು ‘ಗಾಡಿ ಇಲ್ಲದಿದ್ದರೆ’ ಅನ್ನುವ ಮಾತು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಕಾನೂನಿನಲ್ಲಿ ನಿಲ್ಲುವುದಿಲ್ಲ. ಕುಮ್ಮಕ್ಕು ಅಂದರೇನು ಅಂತ 45ನೇ ಕಲಂ ಹೇಳುತ್ತದೆ. ಪ್ರಚೋದನೆ ಕೊಡುವುದು, ಒಳಸಂಚಿನಲ್ಲಿ ಸೇರುವುದು, ಉದ್ದೇಶಪೂರ್ವಕವಾಗಿ ನೆರವಾಗುವುದು, ಈ ಮೂರರಲ್ಲಿ ಒಂದಿರಬೇಕು. ನಿಮ್ಮ ತಮ್ಮನ ಮೇಲೆ ಬರುವುದು ಮೂರನೆಯದು. ಅಲ್ಲಿ ‘ಉದ್ದೇಶಪೂರ್ವಕ’ ಅನ್ನುವುದೇ ಇಡೀ ಕೇಸು. 1974ರಲ್ಲಿ ಶ್ರೀರಾಮ್ ಎಂಬುವವರ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಆಗಿನ ಐಪಿಸಿಯ 107ನೇ ಕಲಂ ಇಂದಿನ 45ಕ್ಕೆ ಸಮ. ಈತನ ಪಾತ್ರ ಇಲ್ಲದೆ ಅಪರಾಧ ನಡೆಯುತ್ತಿರಲಿಲ್ಲ ಅಂತ ತೋರಿಸಿದರೆ ಸಾಲದು ಅಂತ ಕೋರ್ಟ್ ಹೇಳಿತು. ಒಬ್ಬರನ್ನು ಸ್ನೇಹದಿಂದ ಕರೆಸಿಕೊಂಡೆವು, ಅದರಿಂದ ಅವರ ಕೊಲೆಗೆ ಅನುಕೂಲ ಆಯಿತು ಅಂದುಕೊಳ್ಳಿ. ಕೊಲೆಗೆ ಅನುಕೂಲ ಆಗಲಿ ಅಂತಲೇ ಕರೆಸಿದ್ದರೆ ಮಾತ್ರ ಅದು ಕುಮ್ಮಕ್ಕು. ನಿಮ್ಮ ವಕೀಲರ ಫೈಲಿನಲ್ಲಿ ಈ ತೀರ್ಪು ಇರಬೇಕು. 3(5) ಕೂಡ ಹಾಗೆಯೇ, ಎಲ್ಲರಿಗೂ ಒಂದೇ ಉದ್ದೇಶ ಇತ್ತು ಅಂತ ರುಜುವಾತಾಗಬೇಕು.

ಈಗ ಚಾರ್ಜ್‌ಶೀಟ್ ತೆಗೆದುಕೊಂಡು ಕೂತುಕೊಳ್ಳಿ. ಕೈಯಲ್ಲೊಂದು ಪೆನ್ಸಿಲ್ ಇರಲಿ. ಒಂದೇ ಪ್ರಶ್ನೆ ಇಟ್ಟುಕೊಂಡು ಪುಟ ಪುಟವೂ ಓದಿ: ಚೀಲ ಹೇರುವಾಗ ಅದು ಕದ್ದ ಮಾಲು ಅಂತ ತಮ್ಮನಿಗೆ ಗೊತ್ತಿತ್ತು ಅಂತ ಎಲ್ಲಿ ಬರೆದಿದೆ, ಯಾರು ಹೇಳಿದ್ದಾರೆ? ಇಂಥ ಎಷ್ಟೋ ಕೇಸುಗಳಲ್ಲಿ ಆ ಮಾತು ಸಿಗುವುದು ಒಂದೇ ಕಡೆ, ಮೊದಲ ಆರೋಪಿಯ ‘ಸ್ವಇಚ್ಛಾ ಹೇಳಿಕೆ’ಯಲ್ಲಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯ ಅಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹಾಗೆ ಹೇಳುತ್ತದೆ. ಆ ಹೇಳಿಕೆಯಿಂದ ಏನಾದರೂ ವಸ್ತು ಸಿಕ್ಕಿದ್ದರೆ ಅದಕ್ಕೆ ಸಂಬಂಧಪಟ್ಟ ಭಾಗ ಮಾತ್ರ ನಿಲ್ಲುತ್ತದೆ. ‘ಡ್ರೈವರ್‌ಗೂ ವಿಷಯ ಗೊತ್ತಿತ್ತು’ ಅನ್ನುವ ಸಾಲು ಅದರಲ್ಲಿ ಬರುವುದಿಲ್ಲ. ತಮ್ಮನೇ ಕೊಟ್ಟ ಅಂತ ಬರೆದಿರುವ ಹೇಳಿಕೆಗೂ ಇದೇ ಮಾತು. ಆ ಹುಡುಗ ಹೆದರಿಕೊಂಡು ಎಲ್ಲದಕ್ಕೂ ರುಜು ಹಾಕಿರುತ್ತಾನೆ. ಅದಕ್ಕೆ ಅವನನ್ನು ಬೈಯಬೇಡಿ.

ಇಷ್ಟು ಹೇಳಿದ ಮೇಲೆ ಎದುರಿನ ಬಲವನ್ನೂ ಹೇಳಲೇಬೇಕು. ಕಳವಾದ ಸ್ವಲ್ಪ ಹೊತ್ತಿನಲ್ಲೇ ಮಾಲು ಯಾರ ಹತ್ತಿರ ಸಿಗುತ್ತದೋ ಅವನು ಕಳ್ಳ, ಇಲ್ಲವೇ ಕದ್ದದ್ದು ಅಂತ ತಿಳಿದೇ ಇಟ್ಟುಕೊಂಡವನು ಅಂತ ಕೋರ್ಟ್ ಊಹಿಸಬಹುದು. ಅದೇ ಅಧಿನಿಯಮದ 119ರಲ್ಲಿದೆ. ಮಾಲು ತನ್ನ ಕೈಗೆ ಹೇಗೆ ಬಂತು ಅಂತ ವಿವರಿಸಿದರೆ ಆ ಊಹೆ ಸಡಿಲವಾಗುತ್ತದೆ. ಸರ್ಕಾರಿ ವಕೀಲರು ಕೇಳುವುದು ಇದನ್ನೇ: ಅಷ್ಟು ರಾತ್ರಿ ಯಾಕೆ ಹೋದೆ? ಬಿಲ್ ಇಲ್ಲದೆ ಯಾಕೆ ಹೇರಿದೆ? ಒಡೆದ ಬೀಗ ಕಣ್ಣಿಗೆ ಬೀಳಲಿಲ್ಲವಾ?

ಉತ್ತರ ಸಣ್ಣ ಸಣ್ಣ ವಿಷಯಗಳಲ್ಲೇ ಇರುತ್ತದೆ. ಬಾಡಿಗೆ ಎಷ್ಟು ಕೊಟ್ಟರು? ಅಷ್ಟು ದೂರಕ್ಕೆ ಊರಲ್ಲಿ 1,500 ರೂಪಾಯಿ ನಡೆಯುತ್ತದೆ, ಇವನಿಗೆ ಫೋನ್‌ಪೇಯಲ್ಲಿ ಬಂದದ್ದೂ ಅಷ್ಟೇ ಅಂದರೆ, ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಡ. ಪಾಲುಗಾರ ಆಗಿದ್ದರೆ ಬರೀ ಬಾಡಿಗೆ ದುಡ್ಡಿಗೆ ಯಾಕೆ ಹೋಗುತ್ತಿದ್ದ? ಅದೇ 15,000 ಬಂದಿದ್ದರೆ ವಕೀಲರಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಸುಗ್ಗಿಯಲ್ಲಿ ಅಡಿಕೆ ರಾತ್ರಿ ಹೊತ್ತು ಸಾಗಿಸುವುದು ನಿಮ್ಮ ಕಡೆ ಮಾಮೂಲಿ ಅಲ್ವಾ? ಅದನ್ನು ಹೇಳುವ ಬೇರೆ ಡ್ರೈವರ್‌ಗಳು, ಹಮಾಲರು ಇರುತ್ತಾರೆ. ಇವನು ಹಿಂದೆಯೂ ಅಂಥ ಬಾಡಿಗೆ ಹೊಡೆದ ಲೆಕ್ಕದ ಪುಸ್ತಕ, ಡೀಸೆಲ್ ರಸೀದಿ ಇದ್ದರೆ ತೆಗೆದಿಡಿ. ಗಾಡಿಯನ್ನು ಗೋದಾಮಿನ ಬಾಗಿಲಿಗೇ ಹಚ್ಚಿದ್ದನೋ, ಇಲ್ಲ ರಸ್ತೆ ಬದಿ ತಂದಿಟ್ಟಿದ್ದ ಚೀಲ ಹೇರಿದನೋ? ಈ ಒಂದು ವಿವರದ ಮೇಲೆ ಬಹಳ ನಿಂತಿದೆ. ಸ್ಥಳ ಮಹಜರಿನಲ್ಲಿ ಏನಿದೆ ನೋಡಿ.

ಫೋನ್ ಅವನ ಹತ್ತಿರವೇ ಇದ್ದರೆ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಒಂದು ಮೆಸೇಜೂ ಅಳಿಸಬೇಡಿ. ‘ಮಾವನ ಅಡಿಕೆ’ ಅಂದ ವಾಯ್ಸ್ ಮೆಸೇಜ್ ಅದರಲ್ಲಿ ಉಳಿದಿರಬಹುದು. ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಕರೆ ವಿವರ ಬೇಕಾದರೆ ಕೋರ್ಟ್ ಮೂಲಕ ತರಿಸಬಹುದು. ಅದಕ್ಕೆ ತಡ ಮಾಡಬೇಡಿ, ಕಂಪನಿಗಳು ಅದನ್ನು ಎಲ್ಲಾ ಕಾಲಕ್ಕೂ ಇಟ್ಟಿರುವುದಿಲ್ಲ. ಮೊದಲ ಆರೋಪಿಗೆ ಫೋನ್ ಮಾಡಿ ‘ನಿಜ ಹೇಳು’ ಅಂತ ಕೇಳುವುದು ಬೇಡ. ಗೋದಾಮಿನ ಮಾಲೀಕರ ಮನೆಗೆ ಹೋಗಿ ಅಳುವುದೂ ಬೇಡ, ಸಾಕ್ಷಿಯನ್ನು ಒಲಿಸಲು ಬಂದರು ಅಂತ ಜಾಮೀನಿಗೇ ಕುತ್ತು ಬರುತ್ತದೆ.

ಇನ್ನೊಂದು ಅವಕಾಶ ಇದೆ, ಅದಕ್ಕೆ ಗಡುವೂ ಇದೆ. ಚಾರ್ಜ್‌ಶೀಟ್ ನಕಲು ಕೊಟ್ಟ ದಿನದಿಂದ 60 ದಿನದೊಳಗೆ ಡಿಸ್ಚಾರ್ಜ್ ಅರ್ಜಿ, ಅಂದರೆ ವಿಚಾರಣೆಗೆ ಮುಂಚೆಯೇ ಕೇಸಿನಿಂದ ಕೈಬಿಡಿ ಅನ್ನುವ ಅರ್ಜಿ, ಹಾಕಬಹುದು. ಇದು ನಾಗರಿಕ ಸುರಕ್ಷಾ ಸಂಹಿತೆಯ 262ನೇ ಕಲಂ. ಆದರೆ ಆ ಹಂತದಲ್ಲಿ ಕೋರ್ಟ್ ನೋಡುವುದು ಪೊಲೀಸರ ಕಾಗದಗಳನ್ನು. ಆರೋಪಿ ತನ್ನ ದಾಖಲೆ ತಂದು ತೋರಿಸುವ ಹೊತ್ತು ಅದಲ್ಲ. ಸುಪ್ರೀಂ ಕೋರ್ಟಿನ 2004ರ ದೇವೇಂದ್ರನಾಥ ಪಾಢಿ ತೀರ್ಪು ಅದನ್ನು ಗಟ್ಟಿ ಮಾಡಿದೆ. ಹಾಗಾಗಿ ಪೆನ್ಸಿಲ್ ಗುರುತು ಹಾಕಿದ ಮೇಲೂ ‘ಗೊತ್ತಿತ್ತು’ ಅನ್ನುವುದಕ್ಕೆ ಪೊಲೀಸ್ ಮುಂದಿನ ಹೇಳಿಕೆ ಬಿಟ್ಟು ಏನೂ ಸಿಗದಿದ್ದರೆ ಅರ್ಜಿ ಹಾಕಿ. ಯಾರಾದರೂ ಬೇರೆ ಸಾಕ್ಷಿ ‘ನಾನು ಕಂಡೆ, ಇವನು ಗೋದಾಮಿನ ಹತ್ತಿರ ಕಾವಲು ನಿಂತಿದ್ದ’ ಅಂದಿದ್ದರೆ, ಫೋನ್‌ಪೇ ವಿವರ, ಲೆಕ್ಕದ ಪುಸ್ತಕ ಎಲ್ಲವನ್ನೂ ವಿಚಾರಣೆಗೆ ಉಳಿಸಿಕೊಂಡು, ಆ ಸಾಕ್ಷಿಯ ಪಾಟೀಸವಾಲಿಗೆ ತಯಾರಾಗಿ. ಕೇಸನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊರೆ ಸರ್ಕಾರದ್ದು. ತಮ್ಮನ ವಿವರಣೆ ನಂಬುವಂತಿದ್ದರೆ ಸಾಕು.

ಗಾಡಿ ಬಿಡಿಸಿಕೊಳ್ಳುವುದಕ್ಕೆ ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಜಪ್ತಿ ಮಾಡಿದ ವಾಹನಗಳನ್ನು ಠಾಣೆ ಮುಂದೆ ಬಹಳ ದಿನ ಇಡಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ, ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಆರ್‌ಸಿ, ಇನ್ಶೂರೆನ್ಸ್ ಹಚ್ಚಿ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವವರೆಗೆ ಗಾಡಿ ನಿಮ್ಮ ವಶಕ್ಕೆ ಕೊಡಿ ಅಂತ, ಅರ್ಜಿ ಹಾಕಿಸಿ. ಬಾಂಡ್ ಬರೆದುಕೊಡಬೇಕು, ಮಾರಬಾರದು, ಬಣ್ಣ ಬದಲಾಯಿಸಬಾರದು ಅಂತ ಷರತ್ತು ಇರುತ್ತದೆ. ಕಂತು ಕಟ್ಟುವ ಮನೆಗೆ ಇದು ಮೊದಲ ಕೆಲಸ. ನಾಳೆಯೇ ಮಾಡಿ.

ವಕೀಲರ ಫೀಸಿಗೆ ಕಷ್ಟ ಅಂದರೆ ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಆದಾಯ ಮಿತಿಯೊಳಗಿದ್ದರೆ, ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಪ್ರಶ್ನೆ: ನನ್ನ ಗಂಡ ಒಂದು ಹೊಡೆದಾಟ ಮಾಡಿಕೊಂಡು ರಾತ್ರಿ ಮನೆಗೆ ಬಂದರು. ಬೆಳಗ್ಗೆ ಎದ್ದು ಎಲ್ಲಿಗೋ ಹೋದರು. ಊಟ ಹಾಕಿದ್ದಕ್ಕೆ ನನ್ನ ಮೇಲೂ, ನಮ್ಮತ್ತೆ ಮೇಲೂ ಕೇಸ್ ಹಾಕುತ್ತೇವೆ ಅನ್ನುತ್ತಿದ್ದಾರೆ. ಹಾಕಬಹುದಾ?
– ಗೃಹಿಣಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮೇಲೆ ಆಗುವುದಿಲ್ಲಮ್ಮ. ಅಪರಾಧ ನಡೆದ ಮೇಲೆ ಮಾಡಿದ ಸಹಾಯ ಕುಮ್ಮಕ್ಕು ಆಗುವುದಿಲ್ಲ, ಅಪರಾಧಕ್ಕೆ ಮುಂಚೆ ಅಥವಾ ಅದೇ ಹೊತ್ತಿಗೆ ನೆರವಾಗಿರಬೇಕು. ಅಪರಾಧಿಗೆ ಆಶ್ರಯ ಕೊಡುವುದು ಬೇರೆ ಅಪರಾಧ, ನ್ಯಾಯ ಸಂಹಿತೆಯ 249ನೇ ಕಲಂ. ಅದರಿಂದ ಗಂಡ, ಹೆಂಡತಿಯನ್ನು ಕಾನೂನೇ ಹೊರಗಿಟ್ಟಿದೆ. ಅತ್ತೆಗೆ ಆ ವಿನಾಯಿತಿ ಇಲ್ಲ. ಆದರೆ ಮಗ ಅಪರಾಧ ಮಾಡಿ ಬಂದಿದ್ದಾನೆ ಅಂತ ತಿಳಿದು, ಶಿಕ್ಷೆಯಿಂದ ತಪ್ಪಿಸಬೇಕು ಅಂತಲೇ ಅವರು ಬಚ್ಚಿಟ್ಟಿರಬೇಕು. ಏನೂ ತಿಳಿಯದೆ ಮಗನಿಗೆ ಅನ್ನ ಹಾಕಿದ್ದು ಅದರಲ್ಲಿ ಬರುವುದಿಲ್ಲ. ಹೇಳಿಕೆಗೆ ನಿಮ್ಮಿಬ್ಬರನ್ನೂ ಠಾಣೆಗೆ ಕರೆದರೆ ಹೋಗಬೇಕಿಲ್ಲ. ಹೆಂಗಸರನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಪೊಲೀಸರೇ ಮನೆಗೆ ಬರಬೇಕು. ಬಂದಾಗ ಪಕ್ಕದಲ್ಲಿ ತಿಳಿದವರೊಬ್ಬರು ಕೂತಿರಲಿ.