ಕೆಟ್ಟ ಹೆಸರನ್ನು ಸಾರ್ವಜನಿಕ ಸಂಪರ್ಕದಿಂದ ಸರಿಪಡಿಸಿಕೊಳ್ಳಲು ಸಾಧ್ಯವೇ?

ಸಾಧ್ಯ, ಆದರೆ ಮಾತಿನ ಹಿಂದೆ ಕೆಲಸವಿದ್ದರೆ ಮಾತ್ರ. 2003ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ವ್ಯಾಪಾರ ಕುದುರುವ ಹೊತ್ತಿಗೆ, ಮುಂಬೈಯಲ್ಲಿ ಕ್ಯಾಡ್‌ಬರಿ ಡೈರಿ ಮಿಲ್ಕ್ ಚಾಕೊಲೇಟ್‌ನಲ್ಲಿ ಹುಳು ಸಿಕ್ಕ ದೂರುಗಳು ಬಂದಾಗ, ಅಂಗಡಿಗಳಲ್ಲಿ ಸರಿಯಾಗಿ ದಾಸ್ತಾನು ಮಾಡದಿರುವುದೇ ಕಾರಣವೆಂದು ಕಂಪನಿ ಮೊದಲು ಹೇಳಿತು. ಅದು ನಿಜವೇ ಇದ್ದಿರಬಹುದು; ಆದರೆ ಹೊದಿಕೆ ಬಿಚ್ಚಿ ಹುಳು ಕಂಡವರಿಗೆ ತಪ್ಪು ಅಂಗಡಿಯವರದೋ ಕಾರ್ಖಾನೆಯದೋ ಎಂಬ ವ್ಯಾಜ್ಯ ಬೇಕಿರುವುದಿಲ್ಲ. ಬಳಿಕ ಕಂಪನಿಯು ‘ವಿಶ್ವಾಸ್’ ಎಂಬ ಯೋಜನೆಯಡಿ ಅಂಗಡಿಗಳ ದಾಸ್ತಾನನ್ನು ಪರಿಶೀಲಿಸಿ, ವ್ಯಾಪಾರಿಗಳಿಗೆ ತಿಳಿವಳಿಕೆ ನೀಡಿ, 2004ರ ಆರಂಭದಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ಮತ್ತೊಂದು ಭದ್ರ ಹೊದಿಕೆಯನ್ನು ತಂದಿತು. ಅಮಿತಾಭ್ ಬಚ್ಚನ್ ಜಾಹೀರಾತಿಗೆ ಬಂದದ್ದೂ ಆಗಲೇ. ಆ ಹೊದಿಕೆಯಿಲ್ಲದೆ ಅವರ ಮುಖವೊಂದರಿಂದಲೇ ಜನರ ನಂಬಿಕೆ ಮರಳುತ್ತಿತ್ತೆಂದು ನನಗನ್ನಿಸುವುದಿಲ್ಲ.